ಮಟಮಟ ಮಧ್ಯಾಹ್ನ ಪಾಸಾದ ಹೆಡ್‌ಲೈಟು

ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಈ ಕತೆಯನ್ನು ಮೊದಲು ಹೇಳಿದವರು ನಮ್ಮ ಭಾವ. ಹೇಳಿದ್ದು ನಿನ್ನೆ ಸಂಜೆ, ತಮ್ಮ ಕಚೇರಿಯ ನೋಟಿಸು ಕೈಸೇರಿದ ಮೇಲೆ, ಮುರಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು. ಅಲ್ಲಿಯ ತನಕ ಯಾರು ಬಂದು ಕೇಳಿದರೂ "ಬಿದ್ದೆ ಕಣಪ್ಪ, ಇನ್ನೇನು" ಎಂದು ಮುಗಿಸಿ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ನಾವು ಯಾರೂ ಬಿಡಿಸಲಾರದ ಬಾಯನ್ನು ತಮ್ಮ ನೋಟಿಸು ಬಿಡಿಸಿತು. ಅದಕ್ಕಾಗಿ ಮೊದಲು ಒಂದು ನಮಸ್ಕಾರ.

ನಮಸ್ಕಾರ ಮುಗಿಯಿತು, ಇನ್ನು ದೂರು. ತಮ್ಮ ಕಚೇರಿ ನೋಡಿ, ಮುಟ್ಟಿ, ಮುದ್ರೆ ಒತ್ತಿ ಪಾಸು ಮಾಡಿದ ಹೆಡ್‌ಲೈಟನ್ನು ನಂಬಿಕೊಂಡು ಮುಂಜಾವದ ಕತ್ತಲಲ್ಲಿ ಮೋಟರ್‌ಸೈಕಲ್ ಏರಿದ ಮನುಷ್ಯ, ದಾರಿ ಕಾಣದೆ ಬಿದ್ದು ಕಾಲು ಮುರಿದುಕೊಂಡರು. ದೀಪ ಸರಿಯಾಗಿತ್ತು, ನಾವೇ ನೋಡಿದ್ದೇವೆ, ಆದ್ದರಿಂದ ತಪ್ಪು ಸವಾರನದು ಎಂದು ತಾವು ಅವರ ಲೈಸೆನ್ಸನ್ನು ಅಮಾನತಿನಲ್ಲಿಟ್ಟಿದ್ದೀರಿ. ಬರುವ ಸೋಮವಾರ ವಿಚಾರಣೆ. ಅಂದು ಲೈಸೆನ್ಸು ರದ್ದಾದರೆ ಅವರ ಕೆಲಸ ಹೋಗುತ್ತದೆ. ಕಾಲು ಕೂಡುವ ತನಕ ಜಾಗ ಕಾಯ್ದಿಡುತ್ತೇನೆ ಎಂದು ಬೇಕರಿಯ ಯಜಮಾನರು ಮಾತು ಕೊಟ್ಟಿದ್ದಾರೆ; ಲೈಸೆನ್ಸಿಲ್ಲದವನಿಗೆ ಕಾಯ್ದಿಡಲು ಅವರಿಗೂ ಆಗದು. ವಿಚಾರಣೆಯ ಕೋಣೆಯಲ್ಲಿ ಸವಾರ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕಂತೆ. ಹಾಗಾಗಿ ಅಲ್ಲಿ ಯಾರೂ ಕೇಳದೆ ಇರುವುದನ್ನೆಲ್ಲ, ಅವರ ಹೆಂಡತಿಯ ತಮ್ಮನಾದ ನಾನು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ಭಾವ ಬ್ರೆಡ್ಡು ಹಂಚುವವರು. ಊರು ಎದ್ದು ಹಲ್ಲುಜ್ಜುವ ಹೊತ್ತಿಗೆ ಅಂಗಡಿಗಳ ಬಾಗಿಲಲ್ಲಿ ಬ್ರೆಡ್ಡು ಇರಬೇಕು. ಅಂದರೆ ಸೂರ್ಯನಿಗಿಂತ ಮೊದಲು ಇವರು ಏಳಬೇಕು. ಬೇಕರಿಯ ಹಿಂಬಾಗಿಲಲ್ಲಿ ಬಿಸಿ ಬ್ರೆಡ್ಡಿನ ಕ್ರೇಟುಗಳನ್ನು ಮೋಟರ್‌ಸೈಕಲ್ಲಿನ ಹಿಂದೆ ಒಂದರ ಮೇಲೊಂದು ಪೇರಿಸಿ, ಹಳೆಯ ಟ್ಯೂಬಿನಿಂದ ಬಿಗಿದು ಹೊರಡುತ್ತಾರೆ. ಬ್ರೆಡ್ಡು ಹಗುರ ಎಂದು ತಾವು ತಿಳಿದಿರಬಹುದು. ತಾವು ತಿನ್ನುವುದು ಒಂದೊಂದು ಹೋಳು. ಇವರು ಹೊರುವುದು ಇಡೀ ಬೀದಿಯ ಹಸಿವು, ಬನ್ನು ಬಿಸ್ಕತ್ತುಗಳ ಸಮೇತ. ಅಷ್ಟು ಭಾರ ಹಿಂದೆ ಕೂತರೆ ಗಾಡಿಯ ಹಿಂಭಾಗ ಕುಸಿಯುತ್ತದೆ, ಮುಂಭಾಗ ಏಳುತ್ತದೆ. ಮುಂಭಾಗ ಎದ್ದರೆ ಅದರ ಮೂಗಿನ ಮೇಲಿರುವ ಹೆಡ್‌ಲೈಟು ಎಲ್ಲಿ ನೋಡುತ್ತದೆ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಚಕ್ರ ಗುಂಡಿಯ ಕಡೆಗೆ, ಬೆಳಕು ಮರದ ತುದಿಗೆ. ಆ ದಾರಿಯಲ್ಲಿ ಯಾವ ಮರದಲ್ಲಿ ಯಾವ ಬಾವಲಿಯ ಸಂಸಾರ ಇದೆ, ಯಾರ ಮನೆಯಲ್ಲಿ ಈಚೆಗೆ ಮಕ್ಕಳಾಗಿದೆ ಎಂಬುದೆಲ್ಲ ಭಾವನಿಗೆ ಗೊತ್ತು. ಗೊತ್ತಿಲ್ಲದಿದ್ದದ್ದು ರಸ್ತೆ ಮಾತ್ರ.

ಇದು ಅರ್ಧ ಕತೆ. ಅವರದು ಹಳೆಯ ಗಾಡಿ. ಅದರಲ್ಲಿ ದೀಪ ಎಂಜಿನ್ನಿನ ಓಟದ ಮೇಲೆ ಉರಿಯುತ್ತದೆ. ಜೋರಾಗಿ ಹೋದರೆ ಬೆಳಕು ಜೋರು, ಮೆಲ್ಲಗೆ ಹೋದರೆ ಬೆಳಕು ಮಂಕು, ನಿಂತರೆ ಒಲೆಯಲ್ಲಿ ಆರಿದ ಕೆಂಡ. ಈಗ ತಾವು ಒಂದು ನಿಮಿಷ ಸವಾರರಾಗಿ. ಮುಂದೆ ಏನೋ ಇದ್ದಂತಿದೆ, ಸರಿಯಾಗಿ ಕಾಣುತ್ತಿಲ್ಲ. ಬುದ್ಧಿವಂತ ಏನು ಮಾಡುತ್ತಾನೆ? ನಿಧಾನ ಮಾಡುತ್ತಾನೆ. ನಿಧಾನ ಮಾಡಿದ ಕೂಡಲೇ ಕಾಣುತ್ತಿದ್ದ ಚೂರೂ ಕಾಣದಾಗುತ್ತದೆ. ಗುಂಡಿಯನ್ನು ಚೆನ್ನಾಗಿ ನೋಡಬೇಕಾದರೆ ಅದರೊಳಗೆ ಜೋರಾಗಿ ನುಗ್ಗಬೇಕು. ಜಾಗರೂಕನಾದಷ್ಟೂ ಕುರುಡನಾಗುವ ಇಂಥ ಯಂತ್ರದ ಮೇಲೆ ಮನುಷ್ಯನನ್ನು ಕೂರಿಸಿ, ಕೊನೆಗೆ ಅವನಿಗೆ ಅಜಾಗರೂಕ ಎಂಬ ಬಿರುದು ಕೊಡಲು ತಮ್ಮಂಥವರಿಗೇ ಸಾಧ್ಯ.

ಹಾಗಂತ ನಮ್ಮ ಮನೆಯವರು ಕೈಕಟ್ಟಿ ಕೂತಿರಲಿಲ್ಲ. ಮೊದಲು ಕೈ ಹಾಕಿದವಳು ನಮ್ಮಕ್ಕ. ಅವಳ ಅಡುಗೆಮನೆಯಲ್ಲಿ ಮಂಕಾದ ಪಾತ್ರೆ ಒಂದು ದಿನ ಬಾಳುವುದಿಲ್ಲ. ಹೆಡ್‌ಲೈಟಿನ ಗಾಜು ತೆಗೆಸಿ ಒಳಗೆ ನೋಡಿದಳು. ಬಲ್ಬಿನ ಹಿಂದೆ ಬೆಳಕನ್ನು ಮುಂದಕ್ಕೆ ತಳ್ಳುವ ಹೊಳಪಿನ ಬಟ್ಟಲೊಂದು ಇರುತ್ತದೆ. ಅದು ಮಸುಕಾಗಿತ್ತು.

"ಇಷ್ಟೇನಾ, ಇದಕ್ಕೆ ಮೆಕ್ಯಾನಿಕ್ ಬೇರೆ ಬೇಕಾ" ಎಂದವಳೇ, ಬೂದಿಗೆ ಸೋಪಿನ ಪುಡಿ ಬೆರೆಸಿ, ತೆಂಗಿನ ನಾರು ಹಿಡಿದು ಉಜ್ಜಿದಳು. ಉಜ್ಜಿ, ತೊಳೆದು, ಬಿಸಿಲಿಗೆ ಹಿಡಿದು ನೋಡಿದಳು. ಮಸುಕೂ ಹೋಗಿತ್ತು, ಹೊಳಪೂ ಹೋಗಿತ್ತು. ಅದು ಪಾತ್ರೆಯ ಹಾಗೆ ಮೈಯೆಲ್ಲ ಲೋಹವಲ್ಲ, ಕೂದಲೆಳೆಗಿಂತ ತೆಳುವಾದ ಬೆಳ್ಳಿ ಲೇಪ ಎಂದು ಆಮೇಲೆ ತಿಳಿಯಿತು. ಬಟ್ಟಲು ಈಗ ಶುದ್ಧ ತಗಡು.

ಭಾವ ಅದನ್ನು ತಿರುಗಿಸಿ ನೋಡಿ, "ಪರವಾಗಿಲ್ಲ ಕಣೇ, ಚಟ್ನಿ ಹಾಕ್ಕೊಳ್ಳೋಕೆ ಆಗುತ್ತೆ" ಅಂದರು. ಅಕ್ಕ ಆ ದಿನ ಅವರಿಗೆ ಚಟ್ನಿಯನ್ನೇ ಬಡಿಸಲಿಲ್ಲ.

ಆಮೇಲೆ ಇನ್ನೊಂದು ಪ್ರಯತ್ನ. ಯಾರೋ ಹೇಳಿದರೆಂದು ಭಾವ ದೊಡ್ಡ ಬಲ್ಬು ತಂದು ಹಾಕಿಸಿದರು. ಹೊಸ ಅಳಿಯ ಬಂದ ಹಾಗಾಯಿತು. ಮನೆಯಲ್ಲಿ ಇದ್ದದ್ದನ್ನೆಲ್ಲ ಉಂಡಿತು, ಕೆಲಸ ಏನೂ ಮಾಡಲಿಲ್ಲ. ಗಾಡಿ ಹುಟ್ಟಿಸುವ ಕರೆಂಟು ಅದರ ಹಸಿವಿಗೆ ಸಾಲದೆ ಬೆಳಕು ಮೊದಲಿಗಿಂತ ಕೆಂಪಗಾಯಿತು, ವೈರು ಕಾದು ಸುಟ್ಟ ವಾಸನೆ ಬಂತು. ಕೊನೆಗೆ ನಮ್ಮ ಬೀದಿಯ ಮೆಕ್ಯಾನಿಕ್, ತಾನೂ ಒಂದೆರಡು ಬಲ್ಬು ಸುಟ್ಟ ನಂತರ, ದಾರಿಗೆ ಬಂದ. ಹೊಸ ಬಟ್ಟಲು ಹಾಕಿದ. ಹಳೆಯ ಅಳತೆಯ ಬಲ್ಬನ್ನೇ ಇಟ್ಟ. ದಪ್ಪನೆಯ ವೈರನ್ನು ಬ್ಯಾಟರಿಯಿಂದ ಎಳೆದು, ಗಾಡಿ ನಿಧಾನವಾದರೂ ಬೆಳಕು ನಿಧಾನವಾಗದಂತೆ ಮಾಡಿದ. ಉಳಿದದ್ದು ಮರದ ತುದಿ ನೋಡುವ ಚಟ. ಅದಕ್ಕೆ ಹೆಡ್‌ಲೈಟಿನ ಬುಟ್ಟಿಗೂ ಅದನ್ನು ಹಿಡಿದ ಪಟ್ಟಿಗೂ ನಡುವೆ ಒಂದು ಬೆಣೆ ಸಿಗಿಸಿ ದೀಪದ ತಲೆ ತಗ್ಗಿಸಬೇಕಿತ್ತು. ಮರದ ಬೆಣೆ ಗಾಡಿಯ ಅದುರಾಟಕ್ಕೆ ಕಳಚಿ ಬೀಳುತ್ತಿತ್ತು. ಅಕ್ಕ ತನ್ನ ಹಳೆಯ ರಬ್ಬರ್ ಚಪ್ಪಲಿಯ ಹಿಮ್ಮಡಿ ಕತ್ತರಿಸಿ ಕೊಟ್ಟಳು. ಅದು ಕೂತಿತು ನೋಡಿ, ಅದಕ್ಕೆಂದೇ ಹುಟ್ಟಿದ ಹಾಗೆ.

ಮರುದಿನ ಬ್ರೆಡ್ಡು ಹಂಚಿ ಬಂದ ಭಾವ ಗಾಡಿ ನಿಲ್ಲಿಸುವ ಮೊದಲೇ ಅಕ್ಕನನ್ನು ಕರೆದರು. "ಲೇ, ನಮ್ಮ ದಾರೀಲಿ ರಸ್ತೆ ಇದೆ ಕಣೇ" ಅಂದರು. ಆಮೇಲೆ ಅವರು ಕತ್ತಲಲ್ಲಿ ಒಂದು ಸಲವೂ ಎಡವಲಿಲ್ಲ. ಎದುರಿನಿಂದ ಬರುವ ಹಾಲಿನ ವ್ಯಾನಿನವನು ಕೂಡ, "ಮೊದಲೆಲ್ಲ ನಿನ್ನ ಲೈಟು ಸೀದಾ ನನ್ನ ಕಣ್ಣಿಗೇ ಹೊಡೀತಿತ್ತು, ಈಗ ಸರಿಹೋಯ್ತಪ್ಪ" ಎಂದು ಬಾಯ್ತುಂಬ ಹೇಳಿದ. ಈ ಮಾತನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಬೆಳಕು ಹೆಚ್ಚಾದರೆ ಎದುರಿನವರ ಕಣ್ಣು ಕುಕ್ಕುತ್ತದೆ ಎಂದು ತಮ್ಮ ಕಚೇರಿಯ ಗೋಡೆಯ ಮೇಲೆ ಬರೆದಿದೆ. ಒಪ್ಪಿದೆ. ಕಣ್ಣು ಕುಕ್ಕಿದ್ದು ತಮ್ಮ ಅಳತೆಗೆ ಸರಿಹೊಂದುವ ಬೆಳಕು, ಕುಕ್ಕದೆ ಇದ್ದದ್ದು ಚಪ್ಪಲಿ ತಗ್ಗಿಸಿದ ಬೆಳಕು.

ಇನ್ನು ತಪಾಸಣೆಗೆ ಬರೋಣ. ನಮ್ಮಜ್ಜಿ ಒಬ್ಬ ರಾಜನ ಕತೆ ಹೇಳುತ್ತಿದ್ದಳು. ಅವನಿಗೆ ರಾತ್ರಿ ಕಾವಲಿಗೆ ಆಳು ಬೇಕಿತ್ತಂತೆ. ಬಂದವನನ್ನು ಮಧ್ಯಾಹ್ನ ಎದುರಿಗೆ ನಿಲ್ಲಿಸಿ, ಕಣ್ಣು ಬಿಟ್ಟಿದ್ದಾನಾ ಎಂದು ನೋಡಿ, ಬಿಟ್ಟಿದ್ದಾನೆ ಎಂದು ಕೆಲಸಕ್ಕೆ ತೆಗೆದುಕೊಂಡನಂತೆ. ಕಳ್ಳರು ಖಜಾನೆ ಹೊತ್ತುಕೊಂಡು ಹೋದ ಮೇಲೆ, ನಾನು ನೋಡಿದಾಗ ಎಚ್ಚರವಾಗಿದ್ದನಲ್ಲ ಎಂದು ರಾಣಿಯ ಮುಂದೆ ಗೋಳಾಡಿದನಂತೆ. ಚಿಕ್ಕವನಿದ್ದಾಗ ಇಂಥ ರಾಜ ಎಲ್ಲಾದರೂ ಇರುತ್ತಾನಾ ಎಂದು ನಗುತ್ತಿದ್ದೆ. ತಮ್ಮ ಕಚೇರಿಯ ಅಂಗಳಕ್ಕೆ ಬಂದ ಮೇಲೆ ಅಜ್ಜಿಯ ಮೇಲಿನ ಗೌರವ ಹೆಚ್ಚಿತು.

ಆ ದಿನ ಭಾವನ ಜೊತೆ ನಾನೂ ಬಂದಿದ್ದೆ. ಮಟಮಟ ಮಧ್ಯಾಹ್ನ. ತಗಡಿನ ಮಾಡಿನ ಕೆಳಗೆ ಗಾಡಿಗಳ ಸಾಲು, ಎದುರಿನ ಗೋಡೆಯ ಮೇಲೆ ಸುಣ್ಣದ ಚೌಕ, ಚೌಕದೊಳಗೆ ಎರಡು ಗೆರೆ. ದೀಪದ ಬೆಳಕು ಆ ಗೆರೆಗಳ ನಡುವೆ ಬಿದ್ದರೆ ಪಾಸು. ಗಾಡಿಯ ಮೇಲೆ ಭಾರ ಇರಬಾರದು, ಸವಾರನೂ ಇರಬಾರದು. ತಮ್ಮ ತಪಾಸಕರು ಎಂಜಿನ್ ಗುರ್ ಅನ್ನುವಂತೆ ರೈಸ್ ಮಾಡಿ, ಆ ಹಗಲಲ್ಲಿ ಗೋಡೆಯ ಮೇಲೆ ಬೆಳಕನ್ನು ಹುಡುಕಿದರು. ಸಿಗಲಿಲ್ಲ. ಬಗ್ಗಿ ನೋಡಿದರು. ಅದು ಮುಂದಿನ ಚಕ್ರದ ಹತ್ತಿರ ನೆಲದ ಮೇಲೆ ಬಿದ್ದಿತ್ತು.

"ಏನಿದು?" ಎಂದರು ಬೆಣೆ ಮುಟ್ಟಿ.

"ಚಪ್ಪಲಿ ಸಾರ್" ಎಂದರು ಭಾವ.

"ಚಪ್ಪಲಿ ಅಂತ ನಂಗೂ ಕಾಣುತ್ತೆ. ಇಲ್ಯಾಕಿದೆ?"

"ಹಿಂದೆ ಭಾರ ಹಾಕಿದ್ರೆ ಲೈಟು ಮೇಲಕ್ಕೆ ಹೋಗುತ್ತೆ ಸಾರ್. ಅದಕ್ಕೆ ಸ್ವಲ್ಪ ತಲೆ ತಗ್ಗಿಸಿದೀನಿ."

"ಈಗ ಭಾರ ಎಲ್ಲಿದೆ?"

"ಈಗಿಲ್ಲ. ಬೆಳಗ್ಗೇನೇ ಹಂಚಿ ಬಂದೆ."

"ಇಲ್ದೇ ಇರೋ ಭಾರಕ್ಕೆ ನಾನು ಪಾಸು ಮಾಡ್ಲಾ?"

ಭಾವ ಸಾಧು ಮನುಷ್ಯ, ಆದರೆ ಪಟ್ಟು ಬಿಡುವವರಲ್ಲ. "ನೀವೊಂದು ನಿಮಿಷ ಹಿಂದೆ ಕೂತ್ಕೊಳ್ಳಿ ಸಾರ್, ಆಗ ಗೊತ್ತಾಗುತ್ತೆ" ಅಂದರು.

"ನಾನೇನು ಬ್ರೆಡ್ಡೇನಯ್ಯ?" ಎಂದರು ತಪಾಸಕರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಗು ಬಂದ ಮೇಲೆ ತಪಾಸಕರಿಗೆ ಸಿಟ್ಟೂ ಬಂತು. 'ಅನಧಿಕೃತ ಬಿಡಿಭಾಗ ಅಳವಡಿಕೆ: ಪಾದರಕ್ಷೆಯ ತುಂಡು' ಎಂದು ಬರೆದರು. ಬ್ಯಾಟರಿಯಿಂದ ಎಳೆದ ವೈರು ಕಣ್ಣಿಗೆ ಬಿತ್ತು, ಅದನ್ನೂ ಬರೆದರು. ಗಾಡಿಯನ್ನು ಮೂಲ ಸ್ಥಿತಿಗೆ ತರಬೇಕು, ಮತ್ತೆ ಇಂಥದ್ದು ಕಂಡರೆ ಗಾಡಿಯನ್ನೇ ಹಿಡಿದಿಡುತ್ತೇವೆ ಎಂದರು. ಮೂಲ ಸ್ಥಿತಿ. ಎಂಥ ಘನವಾದ ಮಾತು. ಮೂಲ ಸ್ಥಿತಿಯಲ್ಲಿ ಆ ಗಾಡಿಗೆ ಕಣ್ಣಿರಲಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಭಾವ ನನ್ನ ಕೈ ಅದುಮಿದರು. ಅಲ್ಲೇ ಗೇಟಿನ ಹೊರಗೆ ವೈರು ಬಿಚ್ಚಿಸಿ, ಬೆಣೆ ಕಿತ್ತು, ಮತ್ತೆ ಸಾಲಿನಲ್ಲಿ ನಿಂತೆವು. ಈ ಸಲ ಬೆಳಕು ಸುಣ್ಣದ ಗೆರೆಗಳ ನಡುವೆ ಜಾಣ ವಿದ್ಯಾರ್ಥಿಯ ಹಾಗೆ ಹೋಗಿ ಕೂತಿತು. ಟಪ್ ಅಂತ ಮುದ್ರೆ ಬಿತ್ತು.

ಮನೆಗೆ ಬಂದಾಗ ಅಕ್ಕ, "ಮತ್ತೆ ಸಿಗಿಸ್ಕೊಳ್ರೀ, ಆ ಕತ್ತಲಲ್ಲಿ ಯಾರು ಬಂದು ನೋಡ್ತಾರೆ" ಅಂದಳು.

"ಬೇಡ ಕಣೇ" ಅಂದರು ಭಾವ. "ಗಾಡೀನೇ ಹಿಡ್ಕೋತೀವಿ ಅಂದಿದಾರೆ. ಓದಿದೋರು ನೋಡಿ ಸರಿ ಅಂದ್ಮೇಲೆ ಸರೀನೇ ಇರುತ್ತೆ ಬಿಡು."

ಮರುದಿನ ಮುಂಜಾನೆ, ಕಾಲುವೆ ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ, ರಸ್ತೆ ದುರಸ್ತಿಗೆಂದು ಸುರಿದ ಜಲ್ಲಿ ರಾಶಿ ಇತ್ತು. ಅದಕ್ಕೊಂದು ಕೆಂಪು ದೀಪ ಇಡಬೇಕಿತ್ತು ಎಂಬ ದೂರು ಬೇರೆ ಕಚೇರಿಯದು, ಅವರಿಗೆ ಬೇರೆ ಪತ್ರ ಬರೆಯುತ್ತೇನೆ. ಮುಂದೇನಾಯಿತು ಎಂಬುದನ್ನು ನಿನ್ನೆ ಭಾವನ ಬಾಯಲ್ಲಿ ಕೇಳಿದ ಹಾಗೆಯೇ ಬರೆಯುತ್ತೇನೆ.

"ಮುಂದೆ ಏನೋ ಬೂದಿ ಬಣ್ಣಕ್ಕೆ ಕಂಡ ಹಾಗಾಯ್ತು. ನಿಧಾನ ಮಾಡ್ದೆ. ಲೈಟು ಮಲಗಿಬಿಡ್ತು. ಮೇಲೆ ನೋಡಿದ್ರೆ ಮಂಕಾಗಿ ಮರ ಕಾಣುತ್ತೆ, ಕೆಳಗೆ ನೋಡಿದ್ರೆ ಬಾವಿಯೊಳಗಿನ ಕತ್ತಲು. ಜಲ್ಲಿ ನನ್ನನ್ನ ನೋಡ್ತು, ನಾನು ಜಲ್ಲೀನ ನೋಡ್ಲಿಲ್ಲ. ಗಾಡಿ ಮಗುಚಿ ನನ್ನ ಕಾಲ ಮೇಲೆ ಬಿತ್ತು. ಆಗ, ಬಿದ್ಮೇಲೆ, ಮೊದಲನೇ ಸಲ ಲೈಟು ರಸ್ತೆ ಮೇಲೆ ಬಿತ್ತು ನೋಡು. ಓಹೋ, ಜಲ್ಲಿ ರಾಶಿ ಅಂತ ಗೊತ್ತಾಯ್ತು. ಗೊತ್ತಾಗ್ತಿದ್ದ ಹಾಗೇ ಎಂಜಿನ್ ಆಫ್ ಆಯ್ತು, ಲೈಟೂ ಹೋಯ್ತು."

ಬೆಳಕು ಹರಿದ ಮೇಲೆ ಹಾಲಿನ ವ್ಯಾನಿನವನು ನೋಡಿ ಆಸ್ಪತ್ರೆಗೆ ಹಾಕಿದ. ಅಷ್ಟು ಹೊತ್ತೂ ಗಾಡಿಯ ಕೆಳಗೆ ಕಾಲು ಇಟ್ಟುಕೊಂಡು ಬಿದ್ದಿದ್ದ ಮನುಷ್ಯನಿಗೆ, ತಿಂಗಳು ಕಳೆದ ಮೇಲೆ, ನಿನ್ನೆ ತಮ್ಮ ನೋಟಿಸು ಬಂತು: 'ಅಪಘಾತದ ಹಿಂದಿನ ದಿನವೇ ವಾಹನದ ದೀಪವು ತೃಪ್ತಿಕರವೆಂದು ತಪಾಸಣೆಯಲ್ಲಿ ಕಂಡುಬಂದಿರುವುದರಿಂದ, ಸವಾರನ ಅಜಾಗರೂಕತೆಯೇ ಕಾರಣವೆಂದು ಮೇಲ್ನೋಟಕ್ಕೆ ತೋರುತ್ತದೆ.' ಮೇಲ್ನೋಟ ಎಂಬ ಮಾತು ಬಹಳ ಒಪ್ಪುತ್ತದೆ. ಆ ದೀಪಕ್ಕೂ ಇದ್ದದ್ದು ಅದೊಂದೇ ನೋಟ. ಆದರೆ ಯಾರಿಗೆ ತೃಪ್ತಿಕರ, ಮಾನ್ಯರೇ? ಗೋಡೆಗೆ ತೃಪ್ತಿಯಾಗಿತ್ತು, ಸುಣ್ಣದ ಗೆರೆಗೆ ತೃಪ್ತಿಯಾಗಿತ್ತು. ದೀಪ ಇರುವುದು ಗೋಡೆ ನೋಡುವುದಕ್ಕೋ ದಾರಿ ನೋಡುವುದಕ್ಕೋ? ಕತ್ತಲಲ್ಲಿ ಉರಿಯಬೇಕಾದದ್ದನ್ನು ಬಿಸಿಲಲ್ಲಿ ನೋಡಿ, ಭಾರ ಹೊತ್ತು ಓಡಬೇಕಾದದ್ದನ್ನು ಬರಿಮೈಯಲ್ಲಿ ನಿಲ್ಲಿಸಿ, ನಿಧಾನಕ್ಕೆ ಹೋದಾಗ ಆರುವುದನ್ನು ರೈಸ್ ಮಾಡಿ ಉರಿಸಿ, ಕೊನೆಗೆ ಬಿದ್ದವನ ಲೈಸೆನ್ಸು ಕಿತ್ತುಕೊಂಡರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವರು ನಮ್ಮ ಪಾಲಿಗೆ ವೈದ್ಯಶಿಖಾಮಣಿಗಳಾಗಿ ಕಾಣುತ್ತಾರೆ.

ನಿನ್ನೆ ಸಂಜೆ ಭಾವನ ಮಂಚದ ಸುತ್ತ ಬೇಕರಿಯ ಉಳಿದ ಬ್ರೆಡ್ಡಿನವರೆಲ್ಲ ಕೂತಿದ್ದರು. ಕತೆ ಮುಗಿದ ಮೇಲೆ ಅವರಲ್ಲೆಲ್ಲ ಎತ್ತರದ, ಎಲ್ಲರೂ ಉದ್ದಣ್ಣ ಎನ್ನುವವನು, "ನಾನು ಹ್ಯಾಂಡಲ್‌ಗೆ ಟಾರ್ಚ್ ಕಟ್ಕೊಂಡಿದೀನಿ. ತಪಾಸಣೆ ದಿನ ಬಿಚ್ಚಿ ಮನೇಲಿಟ್ಟು ಹೋಗ್ತೀನಿ" ಅಂದ. ಇನ್ನೊಬ್ಬನದು ಮಡಚಿದ ಗೋಣಿಯ ಬೆಣೆ. ಮತ್ತೊಬ್ಬನದು ಬ್ಯಾಟರಿ ವೈರು, ತಮ್ಮ ಗೇಟಿನ ಹತ್ತಿರ ಕಳಚುವುದು, ಆಚೆ ಹೋಗಿ ಸಿಗಿಸುವುದು. ಎಲ್ಲರೂ ಹೀಗೆಯೇ. ತಮ್ಮ ಮುಂದೆ ಕಣ್ಣು ಕಳಚಿಟ್ಟು ಬಂದು ಪಾಸಾಗುತ್ತಾರೆ, ಹೊರಗೆ ಹೋಗಿ ಕಣ್ಣು ಹಾಕಿಕೊಂಡು ಬದುಕುತ್ತಾರೆ. ತಮ್ಮ ಆಜ್ಞೆಯನ್ನು ಅಕ್ಷರಶಃ ಪಾಲಿಸಿದವರು ಇಡೀ ಬೇಕರಿಯಲ್ಲಿ ಒಬ್ಬರೇ. ಕಾಲು ಮುರಿದದ್ದೂ ಅವರದೇ.

"ನಿಮಗೇನು ಧಾಡಿ ಆಗಿತ್ತು ಮಾರಾಯ್ರೇ, ಬೆಣೆ ಮತ್ತೆ ಸಿಗಿಸ್ಕೊಳ್ಳೋಕೆ" ಎಂದ ಉದ್ದಣ್ಣ. ಭಾವ ಗೋಡೆಯ ಕಡೆ ತಿರುಗಿಕೊಂಡರು. ಅಕ್ಕ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆದ್ದರಿಂದ ನಾನು ಕೇಳುವುದಿಷ್ಟು. ಸೋಮವಾರ ಭಾವನ ಲೈಸೆನ್ಸನ್ನು ಅವರ ಕೈಗೆ ಕೊಡಿ, ಅಜಾಗರೂಕತೆ ಎಂಬ ಪದವನ್ನು ಹೊಡೆದುಹಾಕಿ. ಬೆಳಕು ಎಂಜಿನ್ನಿನ ಮರ್ಜಿಯಲ್ಲಿ ಇರದಂತೆ ಬ್ಯಾಟರಿಯಿಂದ ವೈರು ಎಳೆಯುವುದಕ್ಕೂ, ಹೊರುವ ಭಾರಕ್ಕೆ ತಕ್ಕಂತೆ ದೀಪದ ತಲೆ ಏರಿಸಿ ಇಳಿಸುವುದಕ್ಕೂ ಅನುಮತಿ ಕೊಡಿ. ಚಪ್ಪಲಿ ನೋಡಲು ತಮಗೆ ಕಸಿವಿಸಿಯಾದರೆ ಒಂದು ಮರ್ಯಾದಸ್ಥ ತಿರುಪು ಕೊಡಿಸಿ. ಭಾರ ಹೊರುವ ಗಾಡಿಯನ್ನು ಭಾರದ ಸಮೇತ, ಕತ್ತಲಿರುವಾಗ, ರಸ್ತೆಯ ಮೇಲೆ ಓಡಿಸಿ ನೋಡಿ. ಅಷ್ಟು ಬೇಗ ಏಳಲು ತಮ್ಮ ಸಿಬ್ಬಂದಿಗೆ ಕಷ್ಟವಾಗಬಹುದು. ಬಂದವರಿಗೆ ಬಿಸಿ ಬನ್ನು ಕೊಡುತ್ತೇವೆ ಎಂದು ಬೇಕರಿಯ ಯಜಮಾನರು ಒಪ್ಪಿದ್ದಾರೆ. ಇದರಲ್ಲಿ ಯಾವುದೂ ತಮ್ಮಿಂದ ಆಗದಿದ್ದರೆ, ಆ ಗಾಡಿ ಈಗ ನಮ್ಮ ಮನೆಯ ಮುಂದೆಯೇ ಮೂಲ ಸ್ಥಿತಿಯಲ್ಲಿ ನಿಂತಿದೆ. ಕ್ರೇಟು ಕಟ್ಟಿಕೊಡುತ್ತೇವೆ. ಕಾಲುವೆ ಸೇತುವೆಯ ತಿರುವಿನ ತನಕ ತಾವೇ ಒಂದು ಸಲ ಹೋಗಿಬನ್ನಿ. ಜಲ್ಲಿ ಇನ್ನೂ ಅಲ್ಲೇ ಇದೆ.

ಇವತ್ತು ಬೆಳಿಗ್ಗೆ ನಡೆದದ್ದನ್ನೂ ತಿಳಿಸಿ ಮುಗಿಸುತ್ತೇನೆ. ಬ್ರೆಡ್ಡಿನವರು ಎಂದಿನಂತೆ ಕತ್ತಲಿರುವಾಗಲೇ ಬೇಕರಿಗೆ ಹೋದರು, ಕ್ರೇಟು ಬಿಗಿದರು. ಆಮೇಲೆ ಉದ್ದಣ್ಣ ಟಾರ್ಚು ಬಿಚ್ಚಿದ. ಉಳಿದವರು ತಮ್ಮ ತಮ್ಮ ಬೆಣೆ, ವೈರು ಕಿತ್ತು ಜೇಬಿಗೆ ಹಾಕಿಕೊಂಡರು. ಗಾಡಿಗಳೆಲ್ಲ ಮೂಲ ಸ್ಥಿತಿಗೆ ಬಂದವು. ಯಾರೂ ಕಿಕ್ ಹೊಡೆಯಲಿಲ್ಲ. ಗೋಡೆಗೆ ಒರಗಿ ನಿಂತರು.

ಯಜಮಾನರು ಹೊರಗೆ ಬಂದು, "ಏನ್ರೋ, ಮದುವೆ ಫೋಟೋಗೆ ನಿಂತ ಹಾಗೆ ನಿಂತಿದೀರಲ್ಲ, ಬ್ರೆಡ್ಡು ಆರ್ತಾ ಇದೆ" ಅಂದರು.

"ಆರ್ಲಿ ಯಜಮಾನ್ರೇ" ಅಂದ ಉದ್ದಣ್ಣ. "ನಮ್ಮ ಕಾಲು ಬೆಚ್ಚಗಿರ್ಲಿ."

ಯಜಮಾನರು ಒಂದು ಗಳಿಗೆ ನಿಂತು ನೋಡಿ, ತಾವೂ ಒಂದು ಕ್ರೇಟು ಮಗುಚಿ ಹಾಕಿಕೊಂಡು ಕೂತರು. ಸೂರ್ಯ ಬಂದು, ರಸ್ತೆಯ ಕಲ್ಲು ಕಲ್ಲೂ ಕಂಡ ಮೇಲೆ ಬ್ರೆಡ್ಡಿನವರು ಹೊರಟರು. ಮಾನ್ಯರೇ, ತಮ್ಮ ಮನೆಯಿರುವ ಬೀದಿ ಉದ್ದಣ್ಣನ ಪಾಲಿಗೆ ಸೇರಿದ್ದು. ಅಲ್ಲಿ ಗೇಟಿನ ಹತ್ತಿರ ಒಬ್ಬ ಅಮ್ಮನವರು ಕಾದು ಕಾದು ಸಿಟ್ಟಾಗಿ ನಿಂತಿದ್ದರಂತೆ. ಸಾಹೇಬರು ಬರಿಹೊಟ್ಟೆಯಲ್ಲಿ ಆಫೀಸಿಗೆ ಹೋದರು, ಯಾಕಪ್ಪ ಇಷ್ಟು ತಡ ಎಂದು ಕೇಳಿದರಂತೆ.

"ದಾರಿ ಕಾಣ್ಲಿ ಅಂತ ಕಾದೆವಮ್ಮ" ಎಂದನಂತೆ ಉದ್ದಣ್ಣ. "ಸೋಮವಾರದ ತನಕ ಹೀಗೇನೇ. ಆಮೇಲಿಂದು ಸಾಹೇಬ್ರನ್ನೇ ಕೇಳಿ."

ಇಂತಿ,
ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಕಾಣಿಸಿಕೊಟ್ಟು, ಸ್ವಂತ ಭಾವನಿಗೆ ಒಂದು ಜಲ್ಲಿ ರಾಶಿ ಕಾಣಿಸಲಾರದೆ ಹೋದ
ಭಾವಮೈದುನ